ಹಿತ್ತಾಳೆ ಬೋಗುಣಿಯ ಸಲಾಡು

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಗುರ್ರೆಂದಿತು. ಅದರ ಹಿಂದೆಯೇ ಹಸಿ ಟೊಮೆಟೊ ವಾಸನೆ ನನ್ನ ಕುರ್ಚಿಯ ತನಕ ಬಂತು.

"ಏನವ್ವಾ ಅದು?" ಎಂದು ಸೊಸೆಯನ್ನು ಕೇಳಿದೆ.

"ಸಲಾಡಿಗೆ ಡ್ರೆಸ್ಸಿಂಗ್ ರೀ ಅತ್ತಿ, ಟಮಾಟಿದು. ಮಧ್ಯಾಹ್ನ ನನ್ನ ಗೆಳತೇರು ಊಟಕ್ಕ ಬರ್ತಾರ" ಎಂದಳು, ಕಣ್ಣು ಪಕ್ಕದ ನೋಟ್‌ಬುಕ್ಕಿನ ಮೇಲೆಯೇ.

ಡ್ರೆಸ್ಸಿಂಗಂತೆ! ಸೌತೆಕಾಯಿ ಹೆಚ್ಚಿ ತಿನ್ನುವುದಕ್ಕೂ ಈಗಿನವರಿಗೆ ನೋಟ್‌ಬುಕ್ಕು ಬೇಕು. ನಗಬೇಡಿ, ಆ ಹೆಸರು ಕಿವಿಗೆ ಬಿದ್ದರೆ ನನಗೆ ನಮ್ಮ ಭಾವ ನೆನಪಾಗುತ್ತಾರೆ, ಭಾವ ನೆನಪಾದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಐವತ್ತರ ದಶಕದಲ್ಲಿ ನಾನು ತೆಲುಗು ಸೀಮೆಯ ಆದೋನಿಗೆ ಸೊಸೆಯಾಗಿ ಹೋದೆ. ಹತ್ತಿ ವ್ಯಾಪಾರದ ಮನೆ. ಅಂಗಳದಲ್ಲಿ ಕೂತರೆ ತಲೆಗೂದಲ ತುಂಬ ಹತ್ತಿಯ ಎಳೆ. ಯಜಮಾನಿಕೆಯೆಲ್ಲ ನನ್ನ ಗಂಡನ ಅಣ್ಣನದು, ಅವರೇ ಭಾವ. ಅವರ ಹೆಂಡತಿ ಗುರಮ್ಮನನ್ನು ನಾನು ಅಕ್ಕ ಎನ್ನುತ್ತಿದ್ದೆ. ನಂದವರಂನ ಒಕ್ಕಲು ಮನೆಯ ಹೆಣ್ಣು, ಕೈಯಲ್ಲಿ ಎಂಥ ರುಚಿ ಅಂತೀರಿ! ಆದರೆ ಹನ್ನೆರಡು ವರ್ಷದಲ್ಲಿ ಭಾವ ಒಂದು ಸಲವಾದರೂ "ಚಲೋ ಆಗೈತಿ" ಅಂದವರಲ್ಲ. ಗಂಡಸರು ಉಣ್ಣುವಾಗ ಅಕ್ಕ ದಿನಾ ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಬಡಿಸುವುದಕ್ಕಲ್ಲ, ಆ ಎರಡು ಮಾತು ಕೇಳುವುದಕ್ಕೆ. ಭಾವ ತೇಗಿ ಎದ್ದು ಹೋಗುತ್ತಿದ್ದರು, ಅಷ್ಟೆ.

ಇಂಥ ಮಹಾಶಯರು ಒಮ್ಮೆ ಮುಂಬೈಗೆ ಹೋಗಿ ಎಂಟು ದಿನ ಇದ್ದು ಬಂದರು. ಹೋದವರು ಆದೋನಿಯವರು, ತಿರುಗಿ ಬಂದವರು ಯಾರೋ ನಮಗೆ ಗೊತ್ತಾಗಲಿಲ್ಲ. ರೊಟ್ಟಿ ಬಡಿಯುವ ಸದ್ದಿಗೆ ತಲೆನೋವು, ಶೇಂಗಾ ಎಣ್ಣೆಗೆ ವಾಸನೆ. ಅಲ್ಲಿ ಯಾರದೋ ಮನೆಯಲ್ಲಿ ಹಸಿ ತರಕಾರಿಯ ಮೇಲೆ ಟೊಮೆಟೊ ರಸ ಸುರಿದು ಕೊಟ್ಟಿದ್ದರಂತೆ. ನಮ್ಮ ಹೊಲದಲ್ಲಿ ಆಳುಗಳು ರೊಟ್ಟಿಯ ಜೊತೆ ದಿನಾ ತಿನ್ನುತ್ತಿದ್ದುದು ಮತ್ತೇನು? ಆದರೆ ಅದಕ್ಕೆ ಇಂಗ್ಲಿಷ್ ಹೆಸರಿರಲಿಲ್ಲವಲ್ಲ, ಪಾಪ.

ಅಷ್ಟರಲ್ಲಿ ಮುಂಬೈ ಮಿಲ್ಲೊಂದಕ್ಕೆ ಹತ್ತಿ ಕೊಳ್ಳುವ, ಹುಬ್ಬಳ್ಳಿ ಕಡೆಯ ಸಾಹುಕಾರರೊಬ್ಬರು ಊಟಕ್ಕೆ ಬರುವುದಾಯಿತು.

"ಸಲಾಡ್ ನಾನ ಮಾಡ್ತೀನಿ" ಎಂದು ಭಾವ ಸಾರಿದರು. "ನಿಮ್ಮ ಹಳ್ಳಿ ಅಡಿಗಿ ನೋಡಿದ್ರ ಅವ್ರು ನಗ್ತಾರ. ನೀ ಹೊರಗ ಬರಬ್ಯಾಡ."

ಅಕ್ಕ ಕೈಯಲ್ಲಿದ್ದ ಸೌಟನ್ನು ಸ್ವಲ್ಪ ಜೋರಾಗಿ ಇಟ್ಟಳು.

ಜನ್ಮದಲ್ಲಿ ಮೊದಲ ಸಲ ಭಾವ ಅಡುಗೆಮನೆಗೆ ಬಂದರು, ಅದೂ ಬೆಳಿಗ್ಗೆ ಏಳಕ್ಕೇ. ಟೊಮೆಟೊ ಬೇಯಿಸಿ, ಸಿಪ್ಪೆ ಸುಲಿದು, ಎಮ್ಮಿಗನೂರಿನ ಹೊಸ ಪಂಚೆಯಲ್ಲಿ ಸೋಸಿದರು. ಆ ಪಂಚೆಯ ಗತಿ ಕೇಳಬೇಡಿ. ಆಮೇಲೆ ಉಪ್ಪು, ಸಕ್ಕರೆ, ನಿಂಬೆರಸ. ಎಲ್ಲ ಮುಗಿದ ಮೇಲೆ ಹೊಳೆಯುವ ದೊಡ್ಡ ಹಿತ್ತಾಳೆ ಬೋಗುಣಿಗೆ ಸುರಿದರು.

ಅಕ್ಕ ತಡೆಯಲಾರದೆ ಹೇಳಿದಳು: "ಏನ್ರೀ, ಅದರ ಕಲಾಯಿ ಸವದೈತಿ. ಹುಳಿ ಹಾಕಬ್ಯಾಡ್ರಿ. ಕಲ್ಲಿನ ಮರಗಿ ಐತಿ ನೋಡ್ರಿ, ಅದರಾಗ ಹಾಕ್ರಿ."

"ದೊಡ್ಡೋರ ಮುಂದ ಕಲ್ಲಿನ ಮರಗಿ ಇಡ್ಲೇನ? ಸುಮ್ಮನಿರು, ನಿನಗೇನ್ ತಿಳೀತೈತಿ."

ಹಿತ್ತಾಳೆಗೆ ಕಲಾಯಿ ಇಲ್ಲದಿದ್ದರೆ ಹುಳಿ ಕೆಡುತ್ತದೆ, ಹೊಟ್ಟೆಗೂ ಕೇಡು ಎಂಬುದು ನಮ್ಮಲ್ಲಿ ಒಲೆ ಮುಟ್ಟಿದ ಯಾವ ಹೆಣ್ಣಿಗೂ ಗೊತ್ತು. ಒಲೆ ಮುಟ್ಟದ ಗಂಡಸಿಗೆ ಹೊಳಪು ಮಾತ್ರ ಕಂಡಿತು.

ಮಧ್ಯಾಹ್ನ ಮುಚ್ಚಳ ತೆಗೆದರೆ ರಸದ ಅಂಚಿನ ಸುತ್ತ ಹಸಿರು ಕಿಲುಬು. ಅಕ್ಕ ಬೆರಳ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗಿದಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು: "ಅಂತಾ ಚೇದು! ಪೂರಾ ಕಹಿ! ಇದನ್ನ ತಿಂದ್ರ ಊಟಕ್ಕ ಬಂದ ಮನುಷ್ಯ ದವಾಖಾನಿಗೇ ಹೋಗ್ತಾನ."

ಪಡಸಾಲೆಯಲ್ಲಿ ಆಗಲೇ ಎಲೆ ಹಾಕಿದ್ದರು. ಅಕ್ಕ ಕಲ್ಲಿನ ಮರಗಿ ಎಳೆದುಕೊಂಡು, ಹಣ್ಣು ಟೊಮೆಟೊಗಳನ್ನು ಕೈಯಿಂದಲೇ ಕಿವುಚಿದಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಜಜ್ಜಿ ಹಾಕಿದಳು. ಹುರಿದ ಶೇಂಗಾ ಪುಡಿ ಒಂದು ಹಿಡಿ, ಮೇಲೆ ಹಸಿ ಎಣ್ಣೆ. ಅದನ್ನು ಸೌತೆಕಾಯಿ, ಉಳ್ಳಾಗಡ್ಡಿ, ಮೆಂತ್ಯದ ಎಳೆ ಸೊಪ್ಪಿನ ಮೇಲೆ ಸುರಿದು ನನ್ನ ಕೈಗೆ ಕೊಟ್ಟಳು. ಹೊಲದ ಆಳುಗಳ ಅದೇ ಪಚಡಿ.

ಸಾಹುಕಾರರು ಮೂರು ಸಲ ಹಾಕಿಸಿಕೊಂಡರು. "ಏನ್ರೀ ಇದು! ಮುಂಬೈದಾಗೂ ಇಂಥಾದ್ದು ತಿಂದಿಲ್ಲ. ಯಾರು ಮಾಡ್ಯಾರ?"

ಭಾವ ಮೀಸೆ ತಿರುವಿದರು. "ನಾನ ರೀ. ಮುಂಬೈದಾಗ ಕಲ್ತ ಬಂದೀನಿ. ಡ್ರೆಸ್ಸಿಂಗ್ ಅಂತಾರ."

ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವಂತಿದ್ದರೆ ನಾನೇ ತಂದು ಕೊಡುತ್ತಿದ್ದೆ. ಬಾಗಿಲ ಹಿಂದೆ ಅಕ್ಕನ ಮುಖ ನೋಡಿದೆ. ಹನ್ನೆರಡು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ಬೇರೆಯವರ ಪಾಲಿಗೆ ಹೋಗಿತ್ತು.

ಅಕ್ಕ ಸೆರಗು ಹೊದ್ದು, ಹಿತ್ತಾಳೆ ಬೋಗುಣಿ ಎತ್ತಿಕೊಂಡು ಪಡಸಾಲೆಗೆ ಬಂದೇಬಿಟ್ಟಳು. ಅದನ್ನು ಭಾವನ ಎಲೆಯ ಮುಂದೆ ಇಟ್ಟು ಮುಚ್ಚಳ ತೆಗೆದಳು.

"ಇದು ಅವ್ರು ಮಾಡಿದ್ದು ರೀ. ನೀವು ಉಂಡಿದ್ದು ನಾ ಮಾಡಿದ್ದು."

ಸಾಹುಕಾರರು ಆ ಹಸಿರನ್ನೂ ನೋಡಿದರು, ಭಾವನನ್ನೂ ನೋಡಿದರು. ಆಮೇಲೆ ಎಲೆ ಮುಂದಕ್ಕೆ ಸರಿಸಿ, "ತಾಯಿ, ಭಾಳ ಚಲೋ ಆಗೈತಿ. ಇನ್ನೊಂದು ಚೂರು ಹಾಕ್ರಿ" ಎಂದರು. ಭಾವ ಎಂಟು ದಿನ ಮನೆಯಲ್ಲಿ ಮಾತಾಡಲಿಲ್ಲ. ಅಂಥ ಸುಖದ ಎಂಟು ದಿನ ಆ ಮನೆ ಮತ್ತೆ ಕಾಣಲಿಲ್ಲ.

ಇಷ್ಟು ನೆನೆದು ಒಬ್ಬಳೇ ನಗುತ್ತಿದ್ದಾಗ ಸೊಸೆ ಚಮಚದಲ್ಲಿ ತನ್ನ ಡ್ರೆಸ್ಸಿಂಗ್ ತಂದು ಕೊಟ್ಟಳು. ಸಪ್ಪೆ. "ಇದರಾಗ ಏನೂ ಇಲ್ಲ ಬಿಡು" ಎಂದೆ.

"ನಂಗೂ ಹಂಗ ಅನ್ನಿಸ್ತು ರೀ. ನಿಮ್ಮ ಪಚಡಿನ ಮಾಡ್ತೀನಿ, ಬರಕೊಂಡೀನಿ" ಎಂದು ನೋಟ್‌ಬುಕ್ ತೆರೆದಳು. ಹಾಳೆಯ ತಲೆಯಲ್ಲಿ ದುಂಡಗೆ ಬರೆದಿತ್ತು: 'ಅತ್ತೆಯವರ ಟಮಾಟಿ ಪಚಡಿ.'

ನಲವತ್ತು ವರ್ಷದಿಂದ ಯಾರು ಕೇಳಿದರೂ ನಾನು ಹೇಳಿದ್ದು ಅದನ್ನೇ: "ನನ್ನ ಕೈರುಚಿ ರೀ." ಬೀಗರಿಗೆ ಹೇಳಿದ್ದೇನೆ, ನೆರೆಮನೆಯವರಿಗೆ ಹೇಳಿದ್ದೇನೆ, ಹೇಳುವಾಗ ತಿರುವಲು ಮೀಸೆಯೊಂದು ಇರಲಿಲ್ಲ ಅಷ್ಟೆ. ಭಾವನನ್ನು ಬೈಯುತ್ತ ಕೂತ ಬಾಯಿ ಇದು!

"ಹೊಡದು ಹಾಕು ಅದನ್ನ" ಎಂದೆ. "ನಂದವರಂ ಗುರಮ್ಮನ ಪಚಡಿ ಅಂತ ಬರಿ."

"ಆಕಿ ಯಾರ್ರೀ ಅತ್ತಿ?"

"ಮೊದಲು ಬರಿ. ಆಮೇಲೆ ಹೇಳ್ತೀನಿ."