ಅರುವತ್ತಮೂರಕ್ಕೆ ಪೋಷಕರ ಅನುಮತಿ

ಹುಟ್ಟಿದ ವರ್ಷ ಯಾವುದು ಎಂದು ಮೊಬೈಲು ಕೇಳಿದಾಗಲೆಲ್ಲ ನನಗೆ ಸುಸ್ತಾಗುತ್ತದೆ. ಉತ್ತರ ಗೊತ್ತಿದೆ, ಆದರೆ ಅಲ್ಲಿಗೆ ಹೋಗಿ ಮುಟ್ಟುವುದು ಕಷ್ಟ. ಪರದೆಯ ಮೇಲೆ ಇಸವಿಗಳ ಸಾಲು ಈ ವರ್ಷದಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಕಲ್ಯಾಣದಿಂದ ಹೊರಟ ಸ್ಲೋ ಲೋಕಲ್ ರೈಲಿನ ಹಾಗೆ ಒಂದೊಂದು ವರ್ಷದಲ್ಲೂ ನಿಂತು ನಿಂತು ಸಾಗಬೇಕು. ತೊಂಬತ್ತರ ದಶಕ ದಾಟುವಷ್ಟರಲ್ಲಿ ಹೆಬ್ಬೆರಳು ನೋಯಲು ತೊಡಗುತ್ತದೆ. ಎಪ್ಪತ್ತರ ಹತ್ತಿರ ಬಂದಾಗ ಬೆರಳು ಜಾರಿ, ಇಡೀ ಸಾಲು ಸರ್ರೆಂದು ಮತ್ತೆ ಈ ವರ್ಷಕ್ಕೇ ಬಂದು ನಿಲ್ಲುತ್ತದೆ. ಅರುವತ್ತಮೂರು ವರ್ಷ ಬದುಕುವುದಕ್ಕೂ ಇಷ್ಟು ಆಯಾಸವಾಗಿರಲಿಲ್ಲ.

ಮೂರು ವರ್ಷದ ಹಿಂದೆ, ಆನ್‌ಲೈನ್ ಗೇಮಿನ ಅಂಗಡಿಯೊಂದರಲ್ಲಿ ಖಾತೆ ತೆರೆಯುವಾಗ, ನಾನು ಈ ಲೋಕಲಿನಿಂದ ನಡುವೆಯೇ ಇಳಿದುಬಿಟ್ಟಿದ್ದೆನಂತೆ. ‘ಅಂತೆ’ ಏಕೆಂದರೆ ನನಗೆ ನೆನಪಿಲ್ಲ. ಇದು ನನ್ನ ಅಕ್ಕನ ಮಗ ಕಾರ್ತಿಕನ ಪತ್ತೇದಾರಿ. ಅವನ ಮನೆ ವರ್ತಕ ನಗರದಲ್ಲಿ, ಕೆಲಸ ಮಹಾಪೆಯ ಕಂಪ್ಯೂಟರ್ ಕಂಪನಿಯಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧಕ್ಕೇ ಹಿಂದಿಗೆ ಹೊರಳುತ್ತದೆ.

“ಮಾಮಾ, ಆ ಅಂಗಡಿಯಲ್ಲಿ ಹದಿಮೂರು ತುಂಬಿದ ಕೂಡಲೇ ಬಟನ್ ಹಸಿರಾಗ್ತದೆ. ಆಪ್‌ನೇ ಗ್ರೀನ್ ದೇಖಾ ಔರ್ ದಬಾ ದಿಯಾ.”

ಹಸಿರು ಕಂಡದ್ದೇ ಒತ್ತಿಬಿಟ್ಟೆನೇ? ಮಾಡಿರಬಹುದು. ಕಲ್ಯಾಣದ ಕಾಲೇಜಿನಲ್ಲಿ ಬಹಳ ಕಾಲ ತರ್ಕಶಾಸ್ತ್ರ ಕಲಿಸಿದವನು ನಾನು. ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ನನ್ನ ಬಗ್ಗೆಯೇ ಸಾಕ್ಷ್ಯ ಸಿಗುವುದಿಲ್ಲ.

ಆ ಖಾತೆ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಿವೃತ್ತನಾದ ಹೊಸತರಲ್ಲಿ ಒಂದು ಬೆಳಿಗ್ಗೆ, ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಕೆಳಗೆ ನಾವು ಮದುವೆಯಾದ ವರ್ಷ ಇದ್ದ ವಡಾಪಾವಿನ ಗಾಡಿ ಯಾವ ಕಡೆಗಿತ್ತು ಎಂದು ಹೆಂಡತಿ ಸುಮತಿ ಕೇಳಿದಳು. ಪೂರ್ವಕ್ಕೆ ಎಂದೆ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮಕ್ಕೆ ಅನ್ನಿಸಿತು. ಸಂಜೆಗೆ ಗಾಡಿಯೇ ಇತ್ತೋ ಇಲ್ಲವೋ ಎಂದು ಗುಮಾನಿ ಬಂತು. ಆಗ ಹೆದರಿಕೆಯಾಯಿತು. ಪೂರ್ತಿ ಅಳಿಸಿಹೋಗುವ ಮೊದಲು ಎಲ್ಲಾದರೂ ಇಟ್ಟುಬಿಡಬೇಕು ಎಂದುಕೊಂಡೆ. ಹಳಿ ಹಾಕಿ, ಸ್ಟೇಷನ್ ಕಟ್ಟಿ, ರೈಲು ಓಡಿಸುವ ಆಟವೊಂದನ್ನು ಕಾರ್ತಿಕ ತೋರಿಸಿದ. ಅದರಲ್ಲಿ ಥಾಣೆಯಿಂದ ಬದಲಾಪುರದವರೆಗಿನ ಹಳಿಯನ್ನು, ನಾನು ಉಡುಪಿಯಿಂದ ಬಂದಿಳಿದಾಗ ಹೇಗಿತ್ತೋ ಹಾಗೆ, ದಿನವೂ ಸ್ವಲ್ಪ ಸ್ವಲ್ಪ ಕಟ್ಟುತ್ತ ಬಂದೆ. ಕಲ್ಯಾಣದ ಆಚೆಯ ಗದ್ದೆಗಳು, ಉಲ್ಲಾಸ ನದಿಯ ತಿರುವು, ಆ ವಡಾಪಾವಿನ ಗಾಡಿ. ಗಾಡಿಯನ್ನು ಎರಡೂ ಕಡೆ ಇಟ್ಟಿದ್ದೇನೆ. ನನ್ನ ತಲೆಗಿಂತ ಹೆಚ್ಚಿನ ನೆನಪು ಈಗ ಆ ಆಟದಲ್ಲಿದೆ.

ಹೀಗಿರುವಾಗ ಅಂಗಡಿಯಿಂದ ಒಂದು ಸಂದೇಶ ಬಂತು. ವಯಸ್ಸಿನ ಹೊಸ ನಿಯಮ ಜಾರಿಯಾಗಿದೆ, ದಾಖಲೆಯ ಪ್ರಕಾರ ನೀವು ಅಪ್ರಾಪ್ತರು, ತಿಂಗಳಾಂತ್ಯದೊಳಗೆ ಪೋಷಕರ ಅನುಮತಿ ಬಾರದಿದ್ದರೆ ಖಾತೆಯನ್ನೂ ಅದರಲ್ಲಿರುವುದೆಲ್ಲವನ್ನೂ ಅಳಿಸಲಾಗುವುದು.

ಓದಿ ಹೇಳಿದಾಗ ಸುಮತಿ ಕೊತ್ತಂಬರಿ ಸೋಸುತ್ತಿದ್ದಳು. ತಲೆಯೆತ್ತದೆ, “ಅಂತೂ ಮಷೀನಿಗೂ ಗೊತ್ತಾಯ್ತಲ್ಲ ಮಾರ್ರೆ, ನೀವಿನ್ನೂ ದೊಡ್ಡವರಾಗ್ಲಿಲ್ಲ ಅಂತ” ಎಂದಳು.

ನಾನು ಆಧಾರ್ ಕಾರ್ಡಿನ ಚಿತ್ರ ಕಳಿಸಿದೆ. ಕಾರ್ಡಿನ ದಿನಾಂಕ ಖಾತೆಯ ದಿನಾಂಕದೊಂದಿಗೆ ಹೊಂದುತ್ತಿಲ್ಲ ಎಂದು ಉತ್ತರ ಬಂತು. ಹಾಗಾದರೆ ಖಾತೆಯ ದಿನಾಂಕ ಬದಲಿಸಿ ಎಂದು ಬರೆದೆ. ಅಪ್ರಾಪ್ತರ ದಿನಾಂಕವನ್ನು ಅವರ ಮಾತಿನ ಮೇಲೆ ಬದಲಿಸಲಾಗದು ಎಂದರು. ನಾನು ಅಪ್ರಾಪ್ತನಲ್ಲ ಎಂದೆ. ಅದನ್ನು ನಿಮ್ಮ ಪೋಷಕರು ಹೇಳಬೇಕು ಎಂದರು. ಕ್ಲಾಸಿನಲ್ಲಿ ಇಂಥ ವಾದವನ್ನು ಕಪ್ಪು ಹಲಗೆಯ ಮೇಲೆ ಬರೆದು, ಇದು ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುವ ನಾಯಿ ಎಂದು ನಗಿಸುತ್ತಿದ್ದೆ. ಆ ಕಾಲದಲ್ಲಿ ನಾಯಿ ನನಗೆ ಕಚ್ಚಿರಲಿಲ್ಲ.

ಭಾನುವಾರ ಬಂದ ಕಾರ್ತಿಕ ಬೇರೆ ದೇಶಗಳ ಸುದ್ದಿ ಹೇಳಿ ಸಮಾಧಾನ ಮಾಡಲು ನೋಡಿದ. ಒಂದು ದೇಶದಲ್ಲಿ ಖಾತೆಗೆ ಕ್ರೆಡಿಟ್ ಕಾರ್ಡ್ ಜೋಡಿಸಿದ್ದರೆ ಸಾಕಂತೆ, ನೀವು ದೊಡ್ಡವರು. ಸಾಲ ಮಾಡುವ ಯೋಗ್ಯತೆಯೇ ಅಲ್ಲಿ ಪ್ರೌಢತೆ. ಇನ್ನೊಂದರಲ್ಲಿ ಪ್ರಜೆಯ ಗುರುತಿನ ನಂಬರು ಮತ್ತು ಫೋನು ಒಂದಕ್ಕೊಂದು ತಾಳೆಯಾಗಬೇಕು. ಮತ್ತೊಂದರಲ್ಲಿ ಯಾವ ವಯಸ್ಸಿನವರಿಗೆ ಎಂಬ ಮುದ್ರೆ ಬೀಳದ ಆಟ ಅಂಗಡಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕೆಲವು ಕಡೆ ಕ್ಯಾಮೆರಾ ಮುಖ ನೋಡಿಯೇ ವಯಸ್ಸು ಅಂದಾಜು ಮಾಡುತ್ತದಂತೆ. ಅಂದರೆ ವಿಮಾನ ಹತ್ತಿ ಇಳಿದಲ್ಲೆಲ್ಲ ನನ್ನ ವಯಸ್ಸು ಬದಲಾಗುತ್ತದೆ: ಒಂದು ಕಡೆ ಗೃಹಸ್ಥ, ಒಂದು ಕಡೆ ಬಾಲಕ, ಒಂದು ಕಡೆ ಅನುಮಾನಾಸ್ಪದ.

ಇಷ್ಟೆಲ್ಲ ರಗಳೆ ಯಾವ ಆಟಕ್ಕೆ? ಮೂರು ವರ್ಷದ ಮಗುವೂ ಆಡಬಹುದು ಎಂದು ಅವರೇ ಬರೆದುಕೊಂಡಿರುವ ಆಟಕ್ಕೆ. ನಿಜವಾದ ಡೊಂಬಿವಲಿ ಫಾಸ್ಟ್ ಲೋಕಲನ್ನು ಬೆಳಗಿನ ಹೊತ್ತು ಹತ್ತುವವರನ್ನು ಮಾತ್ರ ಯಾರೂ ವಯಸ್ಸು ಕೇಳುವುದಿಲ್ಲ. ಅಲ್ಲಿ ಬಾಗಿಲಿನ ಹತ್ತಿರ ಕೇಳಿಬರುವ ಭಾಷೆಗೆ, ನಡೆಯುವ ಹಿಂಸೆಗೆ, ‘ಹದಿನೆಂಟಕ್ಕೆ ಮೇಲ್ಪಟ್ಟವರಿಗೆ ಮಾತ್ರ’ ಎಂದು ದೊಡ್ಡದಾಗಿ ಬರೆದಿರಬೇಕಿತ್ತು.

“ಟೆನ್ಶನ್ ಮತ್ ಲೋ ಮಾಮಾ,” ಎಂದ ಕಾರ್ತಿಕ. “ಪೇರೆಂಟ್ ಚಾಹಿಯೇ ನಾ? ಅಜ್ಜಿ ಹೈ ನಾ ಘರ್ ಮೇ!”

ನಿಜ, ಪೋಷಕರೆನ್ನಲು ಮನೆಯಲ್ಲಿ ಅಮ್ಮ ಇದ್ದಾಳೆ. ಎಂಬತ್ತೈದು ದಾಟಿರಬೇಕು. ‘ಇರಬೇಕು’ ಎಂದೆ, ಏಕೆಂದರೆ ಅವಳ ಆಧಾರ್ ಕಾರ್ಡಿನ ಪ್ರಕಾರ ಹುಟ್ಟಿದ್ದು ಜನವರಿ ಒಂದು, ವಯಸ್ಸಿನಲ್ಲಿ ನನಗಿಂತ ಹನ್ನೊಂದೇ ವರ್ಷ ದೊಡ್ಡವಳು. ಕಾರ್ಡು ಮಾಡಿಸುವಾಗ ಯಾರೋ ಅಂದಾಜಿಗೆ ಹೊಡೆದದ್ದು. ನಮ್ಮ ವಸತಿ ಸೊಸೈಟಿಯ ವಾಚ್‌ಮನ್ ಶರಣಪ್ಪನಿಗೆ ಈ ಕತೆ ಹೇಳಿದಾಗ ಅವನಿಗೇನೂ ಆಶ್ಚರ್ಯವಾಗಲಿಲ್ಲ. “ನಮ್ ಮನ್ಯಾಗ ಎಲ್ಲಾರೂ ಜನೆವರಿ ಒಂದಕ್ಕೇ ಹುಟ್ಟ್ಯಾರ್ರೀ ಸರ. ಅಪ್ಪ, ಅವ್ವ, ನಾನು. ಎಮ್ಮಿಗೊಂದು ಕಾರ್ಡ್ ಮಾಡ್ಸಿದ್ರ ಅದೂ ಅವತ್ತೇ ಹುಟ್ಟಿರ್ತದ” ಎಂದ.

ಅಮ್ಮನಿಗೆ ವಿಷಯ ತಿಳಿಸಿದೆ. ಅವಳು ಜಪಮಾಲೆ ಪಕ್ಕಕ್ಕಿಟ್ಟಳು.

“ನಿನ್ನ ವಯಸ್ಸು ಆ ಅಂಗಡಿಯವನಿಗೆ ಎಂತಕ್ಕೆ?”

“ಪರೀಕ್ಷೆ ಮಾಡ್ತಾರಮ್ಮ. ಹಿಂದೆ ಶಾಲೆಗೆ ಸೇರಿಸುವಾಗ ಕಿವಿ ಮುಟ್ಟಿಸ್ತಿರಲಿಲ್ವಾ, ಹಾಗೆ.”

ನಿಮಗೂ ನೆನಪಿರಬಹುದು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಿದರೆ ಮಗು ಒಂದನೇ ಕ್ಲಾಸಿಗೆ ಯೋಗ್ಯ. ಕಾರ್ಡು ಬೇಡ, ಕ್ಯಾಮೆರಾ ಬೇಡ. ನನ್ನ ಬಾಲ್ಯದ ಅತ್ಯಂತ ಸ್ಪಷ್ಟ ನೆನಪು ಇದೊಂದೇ: ಶಾಲೆಯ ಜಗಲಿಯಲ್ಲಿ ನಿಂತು ಒಂದೇ ಪ್ರಯತ್ನಕ್ಕೆ ಕಿವಿ ಮುಟ್ಟಿದ್ದು, ಹೆಡ್‌ಮಾಷ್ಟ್ರು ‘ಶಾಭಾಸ್’ ಎಂದದ್ದು.

“ನೀನೆಲ್ಲಿ ಮುಟ್ಟಿದ್ದು?” ಎಂದಳು ಅಮ್ಮ. “ಮುಟ್ಟಿದ್ದು ನಿನ್ನ ಅಕ್ಕ, ಅದ್ರ ಹಿಂದಿನ ವರ್ಷ. ನಿಂದು ತಲೆ ದೊಡ್ಡ, ಕೈ ಗಿಡ್ಡ. ಬೆರಳು ಕಿವಿವರೆಗೆ ಬರ್ಲೇ ಇಲ್ಲ. ನೀನು ಹುಟ್ಟಿದ್ದು ಅಷ್ಟಮಿಯ ಮರುದಿನ, ವಿಟ್ಲಪಿಂಡಿಗೆ. ಶಾಲೆ ಶುರುವಾಗುವಾಗ ವಯಸ್ಸಿಗೆ ಇನ್ನೂ ಎರಡು ಮೂರು ತಿಂಗಳು ಕಮ್ಮಿ ಇತ್ತು. ಆದ್ರೆ ಅಕ್ಕನೊಟ್ಟಿಗೆ ಹೋಗ್ತೇನೆ ಅಂತ ಜಗಲಿ ಕಂಬ ಹಿಡಿದು ಕೂಗಿದ್ದೇ ಕೂಗಿದ್ದು. ಮಾಷ್ಟ್ರಿಗೆ ಪಾಪ ಕಂಡಿತು. ನಿನ್ನ ಕಿವಿಯನ್ನೇ ಮೇಲಕ್ಕೆ ಎಳೆದು ಬೆರಳಿಗೆ ತಾಗಿಸಿ, ಮುಟ್ಟಿತು ಮುಟ್ಟಿತು ಅಂದ್ರು. ಜೂನ್ ಒಂದು ಅಂತ ಬರ್ಕೊಂಡ್ರು.”

ಹೋಯಿತು. ಉಳಿದಿದ್ದ ಒಂದು ನೆನಪೂ ಅಕ್ಕನದ್ದೆಂದಾಯಿತು. ಸುಮ್ಮನೆ ಒಮ್ಮೆ ಕೈ ತಲೆಯ ಮೇಲಿಂದ ಬಳಸಿ ನೋಡಿದೆ. ಹೋದ ವರ್ಷದಿಂದ ಭುಜ ಹಿಡಿದುಕೊಂಡಿದೆ. ಬೆರಳು ನೆತ್ತಿಯ ಹತ್ತಿರ ನಿಂತುಬಿಟ್ಟಿತು. ಆ ಲೆಕ್ಕದಲ್ಲಿ ನಾನಿನ್ನೂ ಒಂದನೇ ಕ್ಲಾಸಿಗೂ ಲಾಯಕ್ಕಿಲ್ಲ. ಅಂಗಡಿಯವರು ಹದಿನಾರೋ ಹದಿನೇಳೋ ಕೊಟ್ಟದ್ದು ಅವರ ಔದಾರ್ಯ.

ಅಮ್ಮ ತಲೆ ಬಾಚಿ, ಮದುವೆಮನೆಗೆ ಉಡುವ ಸೀರೆ ಉಟ್ಟು ತನ್ನ ಫೋನಿನ ಮುಂದೆ ಕೂತಳು. ಕಾರ್ತಿಕ ಅವಳ ಕಾರ್ಡನ್ನೂ ಮುಖವನ್ನೂ ಕ್ಯಾಮೆರಾಕ್ಕೆ ತೋರಿಸಿದ. ನನ್ನ ಸರಿಯಾದ ದಿನಾಂಕ ಖಾತೆಯಲ್ಲಿದ್ದಿದ್ದರೆ ಅಮ್ಮ ಹನ್ನೊಂದನೇ ವಯಸ್ಸಿಗೆ ನನ್ನನ್ನು ಹೆತ್ತಂತಾಗಿ ಯಂತ್ರ ಗಾಬರಿಯಾಗುತ್ತಿತ್ತೋ ಏನೋ. ಖಾತೆಯ ಲೆಕ್ಕದಲ್ಲಿ ಅವಳು ಹೆತ್ತದ್ದು ಅರುವತ್ತರ ಆಸುಪಾಸಿನಲ್ಲಿ. ಅದು ಅಂಗಡಿಗೆ ಒಂದು ಚೂರೂ ವಿಚಿತ್ರ ಅನ್ನಿಸಲಿಲ್ಲ. ಹಸಿರು ಗುರುತು ಬಂತು.

ಆಮೇಲೆ ಪ್ರಶ್ನೆಗಳು. ಕಾರ್ತಿಕ ಓದಿದ, ನಾನು ಕನ್ನಡಕ್ಕೆ ತಿರುಗಿಸಿದೆ. ಈ ಮಗು ಅಪರಿಚಿತರೊಡನೆ ಮಾತಾಡಬಹುದೇ? “ಬೇಡ. ಯಾರ್ಯಾರೋ ಇರ್ತಾರೆ.” ದಿನವೂ ಎಷ್ಟು ಗಂಟೆಯವರೆಗೆ ಆಡಬಹುದು? ಅಮ್ಮ ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ಅದಕ್ಕೆ ಕ್ಯಾಮೆರಾಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಳು.

“ರಾತ್ರಿ ಎಂಟು ಗಂಟೆವರೆಗೆ ಆಡ್ಲಿ. ಆಮೇಲೆ ಊಟಕ್ಕೆ ಏಳ್ಬೇಕು. ಕರೆದ್ರೆ ಕೇಳಿಸುದೇ ಇಲ್ಲ ಇವನಿಗೆ.”

ಅಡುಗೆಮನೆಯಿಂದ ಸುಮತಿ, “ಅತ್ತೆ, ಏಳೂವರೆ ಹಾಕಿ!” ಎಂದು ಕೂಗಿದಳು.

ಖಾತೆ ತೆರೆಯಿತು. ಗದ್ದೆ, ನದಿ, ಎರಡು ವಡಾಪಾವಿನ ಗಾಡಿ, ಎಲ್ಲ ಇಟ್ಟಲ್ಲೇ ಇದ್ದವು. ಅಮ್ಮ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ, “ಸ್ಟೇಷನ್ ಚಂದ ಉಂಟು. ಜನ ಎಲ್ಲಿ ಮಗಾ?” ಎಂದಳು. ಮೂರು ವರ್ಷದಿಂದ ಕಟ್ಟುತ್ತಿದ್ದೇನೆ, ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರನ್ನೂ ನಿಲ್ಲಿಸಿರಲಿಲ್ಲ. ಈಗ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ನಾನು ಮರೆತವರನ್ನೆಲ್ಲ ಕೇಳಿ ಕೇಳಿ ನಿಲ್ಲಿಸುತ್ತಿದ್ದೇನೆ. ಅವಳು ಹೇಳುವುದೆಲ್ಲ ನಿಜವೋ ಅಲ್ಲವೋ ಪರಿಶೀಲಿಸಲು ಯಾರೂ ಉಳಿದಿಲ್ಲ. ತರ್ಕಶಾಸ್ತ್ರಕ್ಕೆ ಸಂಜೆ ರಜೆ ಕೊಟ್ಟಿದ್ದೇನೆ.

ಎಂಟಾಗುತ್ತಲೇ ಪರದೆ ಕಪ್ಪಾಗುತ್ತದೆ, ರೈಲು ಕಲ್ಯಾಣ ಜಂಕ್ಷನ್ನಿನ ನಡುವೆ ಇದ್ದರೂ ಸರಿ. ಸಮಯ ಮುಗಿಯಿತು, ನಿಮ್ಮ ಪೋಷಕರನ್ನು ಕೇಳಿ ಎಂಬ ಸಾಲು ಮೂಡುತ್ತದೆ. ಮೊದಲ ವಾರ ರೇಗಿತು, ಎರಡನೇ ವಾರ ಕಾರ್ತಿಕನೂ ನೊಂದುಕೊಂಡು, ಆ ಗಡುವನ್ನು ಅಜ್ಜಿಯ ಫೋನಿನಿಂದ ಒಂದು ನಿಮಿಷದಲ್ಲಿ ತೆಗೆಯಬಹುದು ಎಂದ. ದಿನಾಂಕವನ್ನೂ ಈಗ ಪೋಷಕರ ಮಾತಿನ ಮೇಲೆ ತಿದ್ದಿಸಬಹುದಂತೆ.

ಬೇಡ ಎಂದೆ. ಖಾತೆಯ ಪ್ರಕಾರ ಹೇಗೂ ಇನ್ನು ಒಂದೆರಡು ವರ್ಷದಲ್ಲಿ ನಾನು ದೊಡ್ಡವನಾಗುತ್ತೇನೆ. ಆಮೇಲೆ ಯಾರ ಅನುಮತಿಯೂ ಬೇಕಾಗುವುದಿಲ್ಲ. ನನಗೇನೂ ಅವಸರವಿಲ್ಲ.