ನೂರು ದಾಟಿದವನ ಪಾಳಿ

ಕಬ್ಬು ಇಳಿಸಲು ಸಕ್ಕರೆ ಕಾರ್ಖಾನೆಯ ಮುಂದೆ ನಾವು ಟ್ರಾಕ್ಟರುಗಳನ್ನು ಪಾಳಿ ಹಚ್ಚಿದಾಗೆಲ್ಲ ಹತ್ತರಗಿಯ ಆ ಹಿರಿಯ ಡ್ರೈವರ್ ಟ್ರಾಕ್ಟರಿನ ನೆರಳಲ್ಲಿ ಕೂತು ಇಸ್ಪೀಟು ಹಂಚುತ್ತಿದ್ದರು. ಹಿಂದೆ ಯಂತ್ರ ಕೂಡಿಸಲು ಬಂದಿದ್ದ ಜರ್ಮನಿಯ ಫಿಟ್ಟರೊಬ್ಬ ಕಲಿಸಿದ ಆಟವಂತೆ. ಎಲೆ ಹಾಕಿದವನು ಅದರ ಅಂಕಿಯನ್ನು ಹಿಂದಿನ ಮೊತ್ತಕ್ಕೆ ಕೂಡಿಸಿ ಗಟ್ಟಿಯಾಗಿ ಹೇಳಬೇಕು. ಯಾರ ಎಲೆಗೆ ನೂರು ದಾಟುತ್ತದೋ ಅವನು ಸೋತ. ಪಾಳಿಯಲ್ಲಿ ತನ್ನ ಹಿಂದಿನವನಿಗೆ ಜಾಗ ಬಿಡಬೇಕು. ಯಾರಾದರೂ ತೂಕಡಿಸಿದರೆ, "ಬಾಯಾಗ ಲೆಕ್ಕ ಇರ್ಲಿ, ತಮ್ಮಾ" ಎಂದು ಮೊಣಕಾಲು ತಟ್ಟುತ್ತಿದ್ದರು. ಒಂದಂಕಿ ತಪ್ಪಿದರೂ ಜಗಳಕ್ಕೇ ನಿಲ್ಲುತ್ತಿದ್ದರು.

ಆ ಬುಧವಾರಕ್ಕೆ ನಾವು ಕಾಯಲು ಹತ್ತಿ ಮೂರು ದಿನ. ಸಂಜೆಯೊಳಗೆ ಇನ್ನೊಂದೇ ಗಾಡಿ ಒಳಗೆ ಬಿಡುತ್ತೇವೆಂದು ಗೇಟಿನವರು ಹೇಳಿದ್ದರು. ಪಾಳಿ ಹಿರಿಯರದು. ಅವರ ಹಿಂದೆ ಮೂಡಲಗಿಯ ಹುಡುಗ, ಅವನ ಹಿಂದೆ ನಾನು. ಹುಡುಗನ ಹೆಂಡತಿಯನ್ನು ಹೆರಿಗೆಗೆಂದು ಗೋಕಾಕದ ದವಾಖಾನೆಗೆ ಸೇರಿಸಿದ್ದರು.

"ಮೊದಲ ನೀನ ಹೋಗೋ," ಎಂದರು ಹಿರಿಯರು ಅವನಿಗೆ.

"ನೀವೂ ಮನಿ ಕಾಣದ ಮೂರು ದಿನ ಆತಲ್ರಿ ಕಾಕಾ. ಪುಕ್ಕಟೆ ಪಾಳಿ ನನಗ ಬ್ಯಾಡ್ರಿ."

"ಹಂಗಾರ ಆಡು."

ಮೊತ್ತ ತೊಂಬತ್ತೆಂಟಕ್ಕೆ ಬಂದಾಗ ಹುಡುಗ ಫೋನ್ ನೋಡುತ್ತಲೇ ಒಂಬತ್ತು ಹಾಕಿದ, ಲೆಕ್ಕ ಹೇಳಲಿಲ್ಲ. ನನ್ನ ಲೆಕ್ಕಕ್ಕೆ ನೂರಾ ಏಳು; ಅವನು ಸೋತರೆ ಆ ಜಾಗ ನನ್ನದು.

"ತೊಂಬತ್ತೇಳು," ಎಂದರು ಕಾಕಾ, ನನ್ನ ಮುಖ ನೋಡಿ.

ನಾನು ನನ್ನ ಎಲೆಗಳನ್ನು ನೋಡುತ್ತ ಕೂತೆ.

ತಮ್ಮ ಸರದಿಗೆ ಅವರು ಎಂಟು ಹಾಕಿದರು. "ನೂರಾ ಐದು. ಸೋತ್ನಿ. ಗಾಡಿ ಮುಂದ ತಗೀ."

"ಖರೆ ಸೋತ್ರೇನ್ರಿ?"

"ಎಣಿಸ್ಕೋತ ಕುಂದರಬ್ಯಾಡ, ಗೇಟ್ ಮುಚ್ಚತಾರ."

ಹುಡುಗ ಓಡಿದ. ಅವನ ಟ್ರಾಲಿ ಗೇಟು ದಾಟುವ ಮೊದಲೇ ಕಾಕಾ ನೆಲಕ್ಕೆ ಒರಗಿ ನಿದ್ದೆ ಹೋಗಿದ್ದರು.