ಕೆಂಪಗೇ ಇರಬೇಕಾದ ಸಾಲು

ಹೆರಿಗೆ ರಜೆ ಮುಗಿಸಿ ಚೆನ್ನೈನ ಗಿಂಡಿಯ ಆಫೀಸಿಗೆ ಮರಳಿದಾಗ ನನಗೆ ಒಪ್ಪಿಸಿದ ಮೊದಲ ಕೆಲಸ ಒಂದು ಬೀಗ. ನಾವು ಮಾಡುವುದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಅದಕ್ಕೂ ಒಂದು ಫ್ಲ್ಯಾಶ್ ಮೆಮೊರಿ ಇದೆ, ಆನ್ ಆದ ಕೂಡಲೇ ಓಡುವ ಫರ್ಮ್‌ವೇರ್ ಇರುವುದು ಅದರಲ್ಲೇ. ಅಲ್ಲಿ ಬರೆಯುವ ಹಕ್ಕು ಫರ್ಮ್‌ವೇರಿನ ಸುರಕ್ಷಿತ ಭಾಗಕ್ಕೆ ಮಾತ್ರ, ಬೇರೆ ಯಾವ ಪ್ರೋಗ್ರಾಮೂ ಕೈಹಾಕಬಾರದು. ಅದಕ್ಕೇ ಬೀಗ. ಮಗು ಹೆತ್ತು ಬಂದವಳಿಗೆ ಕೆಲಸದ ಮೇಲೆ ಗಮನ ಎಲ್ಲಿರುತ್ತದೆ ಎಂದು ಯಾರೋ ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಈ ಕೆಲಸ ಕೆಡಬಾರದೆಂದು ಹಟ ಹಿಡಿದೆ.

ಬೀಗ ಹಾಕಿದೆ. ಅದು ಭದ್ರವೇ ಎಂದು ನೋಡಲು, ಕದ್ದು ಬರೆಯಲು ಹೊರಡುವ ಒಂದು ಪರೀಕ್ಷೆಯನ್ನೂ ಸೇರಿಸಿದೆ. ನಮ್ಮ ಹಳೇ ಪರೀಕ್ಷಾ ಪರದೆಗೆ ಗೊತ್ತಿರುವುದು ಇಷ್ಟೇ: ಬರೆಯಲಾದರೆ ಹಸಿರು, ಆಗದಿದ್ದರೆ ಕೆಂಪು. ಹಾಗಾಗಿ ನನ್ನ ಸಾಲು ಕೆಂಪಗಿದ್ದರೇ ಸರಿ. ಆದರೆ ಗ್ರಾಹಕರಿಗೆ ಕಳಿಸುವ ಮುಂಚೆ ಪರದೆ ಪೂರ್ತಿ ಹಸಿರಾಗಬೇಕೆನ್ನುವುದು ಆಫೀಸಿನ ರೂಢಿ.

ಕಳಿಸುವ ದಿನ ಊಟ ಮುಗಿಸಿ ಬಂದು ನೋಡುತ್ತೇನೆ, ಎಲ್ಲವೂ ಹಸಿರು. ನನ್ನ ಸಾಲೂ ಹಸಿರು, ಅಂದರೆ ಬೀಗ ಬಿಟ್ಟಿದೆ. ಪಕ್ಕದ ಸೀಟಿನ ಸಹೋದ್ಯೋಗಿ ಇಲ್ಲೇ ಚೆನ್ನೈನ ಕೀಲ್ಪಾಕ್‌ನಲ್ಲಿ ಹುಟ್ಟಿ ಬೆಳೆದ ಕನ್ನಡಿಗರು, ಮಾತಿನಲ್ಲಿ ತಮಿಳು ಬೆರೆಯುತ್ತದೆ. ಅವರನ್ನು ಕೇಳಿದೆ.

"ಒಂದೇ ಒಂದು ಕೆಂಪು ಇತ್ತು ಮಾ. ನೀನು ಸಾಪಾಡಿಗೆ ಹೋಗಿದ್ದೆ ಅಲ್ವಾ, ನಾನೇ ಸರಿ ಪಣ್ಣಿಬಿಟ್ಟೆ."

ಸರಿ ಮಾಡಿದ್ದು ಹೇಗೆಂದರೆ, ಬೀಗವನ್ನೇ ತೆಗೆದು. ಮಹಾನುಭಾವರು ಬೀಗವಿಲ್ಲದ ಆ ಸಾಫ್ಟ್‌ವೇರನ್ನು ಗ್ರಾಹಕರಿಗೆ ಅಪ್‌ಲೋಡ್ ಮಾಡಲೂ ಶುರುಮಾಡಿದ್ದರು. ಸಿಟ್ಟು ನೆತ್ತಿಗೇರಿತು. ಮೊದಲು ನಿಲ್ಲಿಸಿ ಎಂದೆ. ಬೆಳಗಿನಿಂದ ನಾವೆಲ್ಲ ಬೈದುಕೊಂಡಿದ್ದ ನಿಧಾನದ ನೆಟ್ ಅರ್ಧವನ್ನೂ ದಾಟಿಸಿರಲಿಲ್ಲ. ನಿಲ್ಲಿಸಿದರು. ವಿಷಯ ತಿಳಿದು ನಾಲಿಗೆ ಕಚ್ಚಿಕೊಂಡರು.

ಬೀಗ ಮತ್ತೆ ಹಾಕಿ ಪರೀಕ್ಷೆ ಓಡಿಸಿದೆವು. ಸಾಲುಗಳು ಹಸಿರಾಗುತ್ತಾ ಬಂದವು. ಕೊನೆಯದು ಕೆಂಪಗಾಯಿತು. ಹೋದ ಜೀವ ಬಂದಂತಾಯಿತು ನನಗೆ.

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಬಂದರು, ಮಂಡ್ಯದ ಕಡೆಯವರು. ಕೆಂಪು ನೋಡಿ ಹುಬ್ಬು ಗಂಟಿಕ್ಕಿ, ಇದನ್ನು ಹೀಗೇ ಕಳಿಸುತ್ತೀರಾ ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಹೋದ್ಯೋಗಿ ಎದ್ದು ನಿಂತರು.

"ಅದು ಕೆಂಪಾಗೇ ಇರಬೇಕು ಸರ್. ನಾನು ತಪ್ಪು ಪಣ್ಣಿದ್ದೆ. ಇವಳು ನೋಡಿದ್ದಕ್ಕೆ ತಪ್ಪಿಚ್ಚೋಂ, ಬಚಾವಾದ್ವಿ."

ಮ್ಯಾನೇಜರ್ ಪರದೆಯನ್ನು ಇನ್ನೊಮ್ಮೆ ನೋಡಿ, ಹಾಗಾದರೆ ನೀವೇ ಕಳಿಸಿ ಎಂದರು. ಕಳಿಸಿದೆ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಮಗು ಹುಟ್ಟಿದ ಮೇಲೆ ಆ ಆಫೀಸಿನಲ್ಲಿ ನಾನು ನಿಶ್ಚಿಂತೆಯಿಂದ ಕೂತದ್ದು ಅದೇ ಮೊದಲು.